ಕಿರೀಟದ ವ್ಯಾಜ್ಯ

ವಕೀಲೆ: ಮೇಷ್ಟ್ರೇ, ಸುತ್ತಿ ಬಳಸದೆ ಹೇಳಿಬಿಡಿ. 1135ರ ಡಿಸೆಂಬರ್ 1ರಂದು ಒಂದನೇ ಹೆನ್ರಿ ಸತ್ತ. ಇಂಗ್ಲೆಂಡಿನ ಸಿಂಹಾಸನ ಯಾರಿಗೆ ಸೇರಬೇಕಿತ್ತು? ಮಗಳು ಮಟಿಲ್ಡಾಗೋ, ಸೋದರಿಯ ಮಗ ಸ್ಟೀಫನ್‌ಗೋ?

ಮೇಷ್ಟ್ರು: ಸೇರಬೇಕಿತ್ತು ಅನ್ನೋದಕ್ಕೆ ಮೊದಲು ಒಂದು ಕಾಯಿದೆ ಇರಬೇಕಲ್ಲಮ್ಮ. ಅದೇ ಇರಲಿಲ್ಲ. ಸತ್ತ ಹೆನ್ರಿಯೇ ಹೇಗೆ ರಾಜನಾದ ನೋಡು. 1100ರ ಆಗಸ್ಟ್ 2ರಂದು ಅವನಣ್ಣ, ರಾಜ ವಿಲಿಯಂ ರೂಫಸ್ ನ್ಯೂ ಫಾರೆಸ್ಟ್ ಕಾಡಿನಲ್ಲಿ ಬೇಟೆಯಾಡುವಾಗ ಬಾಣ ತಗುಲಿ ಸತ್ತ. ಅದೇ ಬೇಟೆಗೆ ಹೋಗಿದ್ದ ಹೆನ್ರಿ ಅಣ್ಣನ ಹೆಣದ ಹತ್ತಿರ ನಿಲ್ಲಲಿಲ್ಲ. ಕುದುರೆ ಹತ್ತಿ ನೇರ ವಿಂಚೆಸ್ಟರಿಗೆ ಹೋದ. ಖಜಾನೆ ಇದ್ದದ್ದು ಅಲ್ಲಿ. ಆಗಸ್ಟ್ 5ಕ್ಕೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಪಟ್ಟಾಭಿಷೇಕ ಮುಗಿದೇ ಹೋಯಿತು. ಇವರಿಬ್ಬರಿಗೂ ಹಿರಿಯನಾದ ರಾಬರ್ಟ್ ಆಗಿನ್ನೂ ಜೆರುಸಲೆಮಿನ ಧರ್ಮಯುದ್ಧ ಮುಗಿಸಿ ಊರಿಗೆ ಬರುವ ದಾರಿಯಲ್ಲಿದ್ದ.

ವಕೀಲೆ: ಹಕ್ಕು ಯಾರದೇ ಇರಲಿ, ಸ್ವಾಧೀನ ಮೊದಲು. ಇದು ನಮಗೆ ಹೊಸದಲ್ಲ ಬಿಡಿ.

ಮೇಷ್ಟ್ರು: ಅಷ್ಟಕ್ಕೇ ಬಿಡಲಿಲ್ಲ ಅವನು. 1106ರಲ್ಲಿ ಟಿಂಶ್‌ಬ್ರೇ ಎಂಬಲ್ಲಿ ಅಣ್ಣನನ್ನು ಸೋಲಿಸಿ ನಾರ್ಮಂಡಿಯನ್ನೂ ಕಿತ್ತುಕೊಂಡ. ಆ ರಾಬರ್ಟ್ 28 ವರ್ಷ ಸೆರೆಯಲ್ಲಿದ್ದು 1134ರಲ್ಲಿ ಸೆರೆಯಲ್ಲೇ ಸತ್ತ. ಹಿರಿಯನ ಹಕ್ಕನ್ನು ಹೀಗೆ ತುಳಿದು ಬಂದವನೇ ಕಡೆಗಾಲದಲ್ಲಿ ರಕ್ತದ ಹಕ್ಕಿನ ಮಾತಾಡತೊಡಗಿದ. ಹೊಟ್ಟೆಯಲ್ಲಿ ಹುಟ್ಟಿದವರಿಗೇ ರಾಜ್ಯ ಸೇರಬೇಕು ಅಂತ.

ವಕೀಲೆ: ಗಂಡು ಮಕ್ಕಳು ಇರಲಿಲ್ಲವೇ?

ಮೇಷ್ಟ್ರು: ಮದುವೆಯಾಚೆಗೆ ಹುಟ್ಟಿದವರು ಗಂಡು ಹೆಣ್ಣು ಸೇರಿ ಇಪ್ಪತ್ತಕ್ಕೂ ಹೆಚ್ಚು. ಧರ್ಮಪತ್ನಿಯಲ್ಲಿ ಹುಟ್ಟಿದ ಗಂಡು ಒಬ್ಬನೇ, ವಿಲಿಯಂ. 1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್‌ಫ್ಲರ್ ಬಂದರಿನಿಂದ ಅವನು ಹತ್ತಿದ ಹಡಗು ಹೊರಟಿತು, ವೈಟ್ ಶಿಪ್ ಅಂತ ಅದರ ಹೆಸರು. ಹಡಗಿನಲ್ಲಿ ಮುನ್ನೂರರಷ್ಟು ಜನ, ಬಹುಪಾಲು ದೊಡ್ಡ ಮನೆತನಗಳ ಹುಡುಗ ಹುಡುಗಿಯರು. ನಾವಿಕರಿಗೂ ಪೀಪಾಯಿಗಟ್ಟಲೆ ವೈನ್ ಕುಡಿಸಿದ್ದರು. ಬಂದರು ದಾಟಿದೊಡನೆ ಹಡಗು ಬಂಡೆಗೆ ಬಡಿಯಿತು. ಬದುಕಿ ದಡ ಸೇರಿದವನು ರೂಆನ್ ಪಟ್ಟಣದ ಒಬ್ಬ ಕಟುಕ. ಟಗರಿನ ಚರ್ಮದ ಅಂಗಿ ತೊಟ್ಟಿದ್ದರಿಂದ ಆ ಚಳಿಯಲ್ಲಿ ಜೀವ ಉಳಿಯಿತಂತೆ. ಇನ್ನೂ ಒಂದು ಸಂಗತಿ ಇದೆ. ಹಡಗು ಬಿಡುವ ಮೊದಲೇ ಅದರಿಂದ ಇಳಿದುಬಿಟ್ಟವರಲ್ಲಿ ಸ್ಟೀಫನ್ ಒಬ್ಬ. ಹೊಟ್ಟೆ ಕೆಟ್ಟು ಭೇದಿಯಾಗುತ್ತಿತ್ತು ಅಂತ ಆ ಕಾಲದ ಸನ್ಯಾಸಿ ಆರ್ಡರಿಕ್ ಬರೆದಿದ್ದಾನೆ.

ವಕೀಲೆ: ಒಂದು ಭೇದಿ 19 ವರ್ಷದ ಯುದ್ಧ ತಂದಿಟ್ಟಿತು ಅನ್ನಿ.

ಮೇಷ್ಟ್ರು: ಹೆನ್ರಿ ಮರುವರ್ಷವೇ ಮತ್ತೆ ಮದುವೆಯಾದ, ಮಕ್ಕಳಾಗಲಿಲ್ಲ. ಉಳಿದವಳು ಮಗಳು. ಎಂಟರ ಹುಡುಗಿಯನ್ನು ಜರ್ಮನಿಗೆ ಕಳಿಸಿ ಚಕ್ರವರ್ತಿ ಐದನೇ ಹೆನ್ರಿಗೆ ಕೊಟ್ಟಿದ್ದರು. 1125ರಲ್ಲಿ ಅವನು ಸತ್ತ. ಇಪ್ಪತ್ತಮೂರರ ವಿಧವೆಯನ್ನು ಅಪ್ಪ ವಾಪಸು ಕರೆಸಿಕೊಂಡ. 1127ರ ಜನವರಿಯಲ್ಲಿ ಬಿಷಪ್ಪರನ್ನೂ ಸರದಾರರನ್ನೂ ಕೂಡಿಸಿ, ನನಗೆ ಗಂಡು ಸಂತಾನವಾಗದೆ ಸತ್ತರೆ ಮಟಿಲ್ಡಾಳನ್ನೇ ಒಡತಿಯಾಗಿ ಒಪ್ಪುತ್ತೇವೆ ಅಂತ ಎಲ್ಲರಿಂದಲೂ ಪ್ರಮಾಣ ಮಾಡಿಸಿದ. ಮಾಡುವ ಸರತಿಯಲ್ಲೇ ಒಂದು ಜಗಳ ಆಯಿತು. ಸ್ಕಾಟ್ಲೆಂಡಿನ ದೊರೆ ಡೇವಿಡ್, ಅಂದರೆ ಮಟಿಲ್ಡಾಳ ಸೋದರಮಾವ, ಮೊದಲು ಮಾಡಿದ. ಮುಂದಿನ ಸರದಿ ನನ್ನದು ಅಂತ ಇಬ್ಬರು ಮುಂದೆ ಬಂದರು. ಒಬ್ಬ ಗ್ಲಾಸ್ಟರಿನ ರಾಬರ್ಟ್, ಹೆನ್ರಿಯ ಮದುವೆಯಾಚೆಗಿನ ಮಗ. ಇನ್ನೊಬ್ಬ ಸ್ಟೀಫನ್. ಸ್ಟೀಫನ್ ಪಟ್ಟು ಹಿಡಿದು ಮೊದಲು ಪ್ರಮಾಣ ಮಾಡಿದ.

ವಕೀಲೆ: ಅತಿ ಅವಸರದಿಂದ ಸಹಿ ಹಾಕುವ ಕಕ್ಷಿದಾರರನ್ನು ಕಂಡರೆ ನನಗೆ ಭಯ. ಸರಿ, ಈ ಪ್ರಮಾಣದಿಂದ ಅವನು ಜಾರಿಕೊಂಡದ್ದು ಹೇಗೆ?

ಮೇಷ್ಟ್ರು: ಮೂರು ವಾದ ಹೂಡಿದರು ಅವನ ಕಡೆಯವರು. ದೊರೆ ಹೆದರಿಸಿ ಮಾಡಿಸಿದ ಪ್ರಮಾಣ, ಆದ್ದರಿಂದ ಕಟ್ಟುಪಾಡಲ್ಲ ಅನ್ನುವುದು ಒಂದು. ನಮ್ಮನ್ನು ಕೇಳದೆ ಮಗಳನ್ನು ಹೊರನಾಡಿಗೆ ಕೊಡುವುದಿಲ್ಲ ಅಂತ ಷರತ್ತಿತ್ತು, ದೊರೆ ಆಂಜೂವಿನ ಜೆಫ್ರಿಗೆ ಕೊಟ್ಟುಬಿಟ್ಟ, ಪ್ರಮಾಣ ಬಿದ್ದುಹೋಯಿತು ಅನ್ನುವುದು ಇನ್ನೊಂದು. ಸಾಲ್ಸ್‌ಬರಿಯ ಬಿಷಪ್ ರಾಜರ್ ಇದನ್ನು ಹೇಳಿಕೊಂಡು ತಿರುಗುತ್ತಿದ್ದ.

ವಕೀಲೆ: ಷರತ್ತು ಬರಹದಲ್ಲಿತ್ತೇ? ಮದುವೆಯಾದ ಮೇಲೆ ಯಾರಾದರೂ ತಕರಾರು ತೆಗೆದರೇ?

ಮೇಷ್ಟ್ರು: ಬರಹ ಇಲ್ಲ. ಮದುವೆ ಆದದ್ದು 1128ರಲ್ಲಿ. 1131ರಲ್ಲಿ ನಾರ್ಥಾಂಪ್ಟನ್ನಿನಲ್ಲಿ ಮತ್ತೆ ಸಭೆ ಸೇರಿಸಿ ಹೆನ್ರಿ ಪ್ರಮಾಣವನ್ನು ಹೊಸದಾಗಿ ಮಾಡಿಸಿದ.

ವಕೀಲೆ: ಹಾಗಿದ್ದರೆ ಆ ವಾದ ನಿಲ್ಲುವುದಿಲ್ಲ. ಷರತ್ತು ಮುರಿದದ್ದು ಗೊತ್ತಿದ್ದೂ ಮತ್ತೆ ಒಪ್ಪಿಕೊಂಡವರು ಆಮೇಲೆ ಅದನ್ನೇ ಹಿಡಿದು ತಪ್ಪಿಸಿಕೊಳ್ಳುವ ಹಾಗಿಲ್ಲ. ಮೂರನೆಯದು?

ಮೇಷ್ಟ್ರು: ಮರಣಕಾಲದ ಹೇಳಿಕೆ. ಹ್ಯೂ ಬಿಗಾಡ್ ಎಂಬ ಸರದಾರ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಮುಂದೆ ಆಣೆಯಿಟ್ಟು ಹೇಳಿದ: ಸಾಯುವ ಮುನ್ನ ದೊರೆ ಮಗಳ ಮೇಲಿನ ಸಿಟ್ಟಿಗೆ ನಮ್ಮನ್ನೆಲ್ಲ ಆ ಪ್ರಮಾಣದಿಂದ ಬಿಡುಗಡೆ ಮಾಡಿದ, ನಾನು ಕಿವಿಯಾರೆ ಕೇಳಿದೆ ಅಂತ.

ವಕೀಲೆ: ಪಾಟೀಸವಾಲಿಗೆ ನನಗೆ ಐದು ನಿಮಿಷ ಸಾಕಾಗಿತ್ತು. ಹಾಸಿಗೆಯ ಪಕ್ಕ ಇನ್ನಾರಿದ್ದರು?

ಮೇಷ್ಟ್ರು: ಗ್ಲಾಸ್ಟರಿನ ರಾಬರ್ಟ್ ಇದ್ದ. ಎಲ್ಲವನ್ನೂ ಮಗಳಿಗೇ ಕೊಟ್ಟ ಅಂತ ಅವನ ಕಡೆಯ ಇತಿಹಾಸಕಾರ, ಮಾಮ್ಸ್‌ಬರಿಯ ವಿಲಿಯಂ, ಬರೆದಿದ್ದಾನೆ. ಬಿಗಾಡ್ ಅಲ್ಲಿ ಇರಲೇ ಇಲ್ಲ ಅಂತ ಮಟಿಲ್ಡಾಳ ಪಕ್ಷ ಮುಂದೆ ಪೋಪರ ಎದುರೇ ಹೇಳಿತು. ಆದರೆ ಮಾಮ್ಸ್‌ಬರಿಯ ವಿಲಿಯಂ ತನ್ನ ಪುಸ್ತಕ ಅರ್ಪಿಸಿದ್ದು ರಾಬರ್ಟನಿಗೇ. ಅವನ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಬಿಗಾಡನ ವಿಷಯ ಕೇಳುತ್ತೀಯ? ಮುಂದೆ ನಾರ್ಫಕ್ಕಿನ ಅರ್ಲ್ ಆದ, ಸ್ಟೀಫನ್ನನ ವಿರುದ್ಧವೂ ದಂಗೆಯೆದ್ದ.

ವಕೀಲೆ: ಒಂದು ತೊಡಕು ಕಾಣುತ್ತಿದೆ. ಪ್ರಮಾಣ ರದ್ದಾಯಿತು ಅಂತಲೇ ಇಟ್ಟುಕೊಳ್ಳಿ. ಅದರಿಂದ ಮಟಿಲ್ಡಾ ಹಕ್ಕು ಹೋಯಿತೇ ಹೊರತು ಸ್ಟೀಫನ್ನನಿಗೆ ಹಕ್ಕು ಬರಲಿಲ್ಲವಲ್ಲ?

ಮೇಷ್ಟ್ರು: ಸರಿಯಾದ ಜಾಗಕ್ಕೆ ಕೈಯಿಟ್ಟೆ. ಸ್ಟೀಫನ್ನನ ಹಕ್ಕು ಬಂದದ್ದು ತಾಯಿಯಿಂದ. ಒಂದನೇ ಹೆನ್ರಿಯ ಅಪ್ಪನಾದ ವಿಜಯಿ ವಿಲಿಯಮ್ಮನ ಮಗಳು ಆಡೆಲಾ ಅವನ ತಾಯಿ. ಅವನಿಗೆ ಥಿಯೊಬಾಲ್ಡ್ ಅಂತ ಅಣ್ಣನೂ ಇದ್ದ. ನಾರ್ಮಂಡಿಯ ಸರದಾರರು ಆ ಅಣ್ಣನನ್ನು ಕರೆಸಿ ನೀನೇ ನಮ್ಮ ಒಡೆಯನಾಗು ಅಂತ ಮಾತಾಡುತ್ತಿರುವಾಗಲೇ ಸುದ್ದಿ ಬಂತು: ತಮ್ಮ ಇಂಗ್ಲೆಂಡಿನಲ್ಲಿ ಆಗಲೇ ರಾಜನಾಗಿದ್ದಾನೆ! ಎರಡೂ ಕಡೆ ಜಮೀನಿದ್ದ ಆ ಜನಕ್ಕೆ ಇಬ್ಬರು ಒಡೆಯರು ಬೇಡವಾಗಿತ್ತು. ಥಿಯೊಬಾಲ್ಡನನ್ನು ಅಲ್ಲಿಗೇ ಬಿಟ್ಟರು. ಅವನು ಮುನಿಸಿಕೊಂಡ, ಯುದ್ಧಕ್ಕೇನೂ ಹೋಗಲಿಲ್ಲ.

ವಕೀಲೆ: ಮೂರು ವಾರದಲ್ಲಿ ಸ್ಟೀಫನ್ ಇಷ್ಟೆಲ್ಲ ಮಾಡಿದನೇ?

ಮೇಷ್ಟ್ರು: ಮಾವ ಬಳಸಿದ ದಾರಿಯನ್ನೇ ಬಳಸಿದ. ಹೆಂಡತಿಯ ಕಡೆಯಿಂದ ಬಂದ ಬುಲೋನ್ ಸಂಸ್ಥಾನ ಕಡಲಿನ ಆಚೆ ದಡದಲ್ಲೇ ಇತ್ತು. ಹಡಗು ಹತ್ತಿ ಲಂಡನ್ನಿಗೆ ಬಂದ. ರಾಜನನ್ನು ಆರಿಸುವ ಹಕ್ಕು ನಮ್ಮದು ಅಂತ ಲಂಡನ್ನಿನ ಜನ ಅವನನ್ನು ಎತ್ತಿ ಮೆರೆಸಿದರು. ಅಲ್ಲಿಂದ ವಿಂಚೆಸ್ಟರು. ಅಲ್ಲಿನ ಬಿಷಪ್ ಇವನ ಸ್ವಂತ ತಮ್ಮ, ಹೆನ್ರಿ. ಖಜಾನೆಯ ಬೀಗದ ಕೈ ಸಿಕ್ಕಿತು. ಡಿಸೆಂಬರ್ 22ಕ್ಕೆ ಆರ್ಚ್‌ಬಿಷಪ್ ಅಭಿಷೇಕ ಮಾಡಿದ. ಮಟಿಲ್ಡಾ ಎಲ್ಲಿದ್ದಳು ಅನ್ನುತ್ತೀಯೋ? ನಾರ್ಮಂಡಿಯ ಗಡಿಯಲ್ಲಿ. ವರದಕ್ಷಿಣೆಯ ಕೋಟೆಗಳನ್ನು ಕೊಡಲಿಲ್ಲ ಅಂತ ಗಂಡನೂ ಅವಳೂ ಅಪ್ಪನ ಮೇಲೇ ಜಗಳಕ್ಕೆ ನಿಂತಿದ್ದರು. ಮೇಲಾಗಿ ಅವಳು ಬಸುರಿ. ಅಪ್ಪನ ನಂಬಿಕೆಯ ಜನ ಅವಳ ಗಂಡನ ಎದುರು ಪಾಳಯದಲ್ಲಿದ್ದರು. ಪ್ರಮಾಣ ಮಾಡಿದ ಕೈಗಳೆಲ್ಲ ಇನ್ನೊಂದು ದಿಕ್ಕಿಗೆ ತಿರುಗಿದ್ದು ಅದಕ್ಕೂ ಹೌದು.

ವಕೀಲೆ: ಅವಳು ಅಪೀಲು ಹೋಗಲಿಲ್ಲವೇ?

ಮೇಷ್ಟ್ರು: ಹೋದಳು. 1139ರಲ್ಲಿ ರೋಮಿನ ಲ್ಯಾಟರನ್ ಮಹಾಸಭೆಯಲ್ಲಿ ಎರಡನೇ ಇನ್ನೊಸೆಂಟ್ ಪೋಪರ ಮುಂದೆ ವಾದ ನಡೆಯಿತು. ಸ್ಟೀಫನ್ ಪರವಾಗಿ ಬಂದ ಆರ್ನುಲ್ಫ್ ಎಂಬ ಪಾದ್ರಿ ಪ್ರಮಾಣದ ಮಾತು ಬಿಟ್ಟು ಅವಳ ಹುಟ್ಟಿನ ಮೇಲೇ ಬಿದ್ದ. ತಾಯಿ ಸನ್ಯಾಸಿನಿ, ಮಠದಿಂದ ಎಳೆದುತಂದು ಮದುವೆಯಾದದ್ದು, ಆ ಮದುವೆಯೇ ಮದುವೆಯಲ್ಲ, ಮಗಳು ಔರಸ ಸಂತಾನವಲ್ಲ ಅಂತ.

ವಕೀಲೆ: ಛೀ. ಇದು ಯಾವ ಕಾಲಕ್ಕೂ ತಪ್ಪದ ವಾದ.

ಮೇಷ್ಟ್ರು: ಆ ತಾಯಿಯ ಕತೆ ಕೇಳು. ಸ್ಕಾಟ್ಲೆಂಡಿನ ರಾಜಕುಮಾರಿ ಎಡಿತ್. ಹಳೆಯ ಇಂಗ್ಲಿಷ್ ರಾಜವಂಶದ ರಕ್ತ ತಾಯಿಯ ಕಡೆಯಿಂದ ಬಂದದ್ದು. ಇಂಗ್ಲೆಂಡಿನ ಮಠದಲ್ಲಿ ಓದಲು ಬಿಟ್ಟಿದ್ದರು. ನಾರ್ಮನ್ ಸೈನಿಕರ ಕಣ್ಣು ಬೀಳದಿರಲಿ ಅಂತ ಅಲ್ಲಿದ್ದ ತಾಯಿಯ ಒಡಹುಟ್ಟಿದವಳು ಕ್ರಿಸ್ಟಿನಾ ಇವಳ ತಲೆಗೆ ಕರಿ ಮುಸುಕು ಹಾಕಿಸುತ್ತಿದ್ದಳು. ಬೇಡವೆಂದರೆ ಹೊಡೆತ. ಅವಳು ಮರೆಯಾದ ಕೂಡಲೇ ಆ ಮುಸುಕನ್ನು ಕಿತ್ತು ನೆಲಕ್ಕೆ ಹಾಕಿ ತುಳಿಯುತ್ತಿದ್ದೆ ಅಂತ ಎಡಿತ್ ಖುದ್ದಾಗಿ 1100ರಲ್ಲಿ ಆರ್ಚ್‌ಬಿಷಪ್ ಆನ್ಸೆಲ್ಮ್ ಮುಂದೆ ಹೇಳಿದ್ದಾಳೆ. ಸಾಕ್ಷಿ ವಿಚಾರಿಸಿ, ಇವಳು ದೀಕ್ಷೆ ತೆಗೆದುಕೊಂಡವಳಲ್ಲ ಅಂತ ತೀರ್ಮಾನವಾದ ಮೇಲೇ ಮದುವೆ ನಡೆದದ್ದು.

ವಕೀಲೆ: ಹಾಗಾದರೆ ಒಮ್ಮೆ ತೀರ್ಪಾದ ವಿಷಯ. 39 ವರ್ಷದ ನಂತರ ಮತ್ತೆ ಎತ್ತುವ ಹಾಗೇ ಇಲ್ಲ!

ಮೇಷ್ಟ್ರು: ನಿನ್ನಷ್ಟೇ ಸಿಟ್ಟು ಮಟಿಲ್ಡಾಳ ವಕೀಲ, ಆಂಜೇ ಊರಿನ ಬಿಷಪ್ ಉಲ್ಜೇರನಿಗೂ ಬಂತು. ಆದರೆ ಪೋಪರು 1136ರಲ್ಲೇ ಸ್ಟೀಫನ್ನನನ್ನು ಒಪ್ಪಿ ಪತ್ರ ಬರೆದಿದ್ದರು. ತೀರ್ಪು ಕೊಡದೆ ವಿಚಾರಣೆ ನಿಲ್ಲಿಸಿಬಿಟ್ಟರು. ಸ್ಟೀಫನ್ನನಿಗೆ ಅಷ್ಟೇ ಸಾಕಾಗಿತ್ತು. ಆ ಸೆಪ್ಟೆಂಬರಿನಲ್ಲಿ ಮಟಿಲ್ಡಾ ಇಂಗ್ಲೆಂಡಿಗೆ ಬಂದು ಹಡಗಿಳಿದಳು.

ವಕೀಲೆ: ನೇರ ಯುದ್ಧಕ್ಕೆ?

ಮೇಷ್ಟ್ರು: ಮಲತಾಯಿಯ ಅರಂಡಲ್ ಕೋಟೆಗೆ. ಸ್ಟೀಫನ್ ಬಂದು ಕೋಟೆ ಸುತ್ತಿದ, ಅವಳು ಅಂಗೈಯಲ್ಲಿದ್ದಳು. ಏನು ಮಾಡಿದ ಗೊತ್ತೇ? ಬೆಂಗಾವಲು ಕೊಟ್ಟು ಬ್ರಿಸ್ಟಲ್ಲಿಗೆ, ಅಂದರೆ ಅವಳ ಅಣ್ಣ ರಾಬರ್ಟನ ನೆಲೆಗೇ ಕಳಿಸಿಕೊಟ್ಟ. ಹೆಣ್ಣುಮಗಳನ್ನು ಮುತ್ತಿಗೆ ಹಾಕಿ ಹಿಡಿಯುವುದು ಮರ್ಯಾದಸ್ಥರ ಕೆಲಸವಲ್ಲ ಅಂತಲೋ, ತಮ್ಮ ಬಿಷಪ್ಪನ ಮಾತು ಕೇಳಿಯೋ. ಅವನ ಸ್ವಭಾವವೇ ಹಾಗೆ. 1147ರಲ್ಲಿ ಮಟಿಲ್ಡಾಳ ಮಗ ಹೆನ್ರಿ, ಹದಿನಾಲ್ಕರ ಪೋರ, ಒಂದಷ್ಟು ಕೂಲಿ ಸೈನಿಕರನ್ನು ಸಾಲದಲ್ಲಿ ಕಟ್ಟಿಕೊಂಡು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ. ಸಂಬಳ ಕೊಡಲು ಕಾಸಿಲ್ಲ. ಅಮ್ಮನನ್ನು ಕೇಳಿದ, ಅವಳ ಹತ್ತಿರವೂ ಇಲ್ಲ. ಮಾವ ರಾಬರ್ಟ್ ಬಿಚ್ಚಲಿಲ್ಲ. ಕೊನೆಗೆ ಸ್ಟೀಫನ್ನನಿಗೇ ಹೇಳಿಕಳಿಸಿದ. ಸ್ಟೀಫನ್ ಹಣ ಕೊಟ್ಟು ಹುಡುಗನನ್ನು ಊರಿಗೆ ಕಳಿಸಿದ.

ವಕೀಲೆ: ತನ್ನ ಮೇಲೆ ದಾವೆ ಹೂಡಿದವನ ಫೀಸನ್ನೂ ತಾನೇ ಕಟ್ಟಿದ. ಒಳ್ಳೆಯವನೋ ದಡ್ಡನೋ?

ಮೇಷ್ಟ್ರು: ಎರಡೂ. ಅವನ ಹೆಂಡತಿ ದಡ್ಡಿಯಲ್ಲ. ಅವಳ ಹೆಸರೂ ಮಟಿಲ್ಡಾ, ನಮ್ಮ ಮಟಿಲ್ಡಾಳ ಚಿಕ್ಕಮ್ಮನ ಮಗಳು. 1141ರ ಕತೆ ಅವಳಿಲ್ಲದೆ ಅರ್ಥವಾಗುವುದಿಲ್ಲ.

ವಕೀಲೆ: ಆ ವರ್ಷದಲ್ಲೇ ಅಲ್ಲವೇ ಸ್ಟೀಫನ್ ಸೆರೆ ಸಿಕ್ಕಿದ್ದು?

ಮೇಷ್ಟ್ರು: ಫೆಬ್ರುವರಿ 2, ಲಿಂಕನ್ನಿನ ಹೊರವಲಯ. ಕುದುರೆ ಸವಾರರು ಅರ್ಧ ಓಡಿಹೋದರು. ಸ್ಟೀಫನ್ ಕಾಲಾಳಾಗಿ ನಿಂತು ಕೊಡಲಿ ಬೀಸುತ್ತಲೇ ಇದ್ದ. ಕೊಡಲಿ ಮುರಿಯಿತು, ಕತ್ತಿ ಮುರಿಯಿತು, ತಲೆಗೆ ಕಲ್ಲು ಬಿದ್ದು ಉರುಳಿದ. ಬ್ರಿಸ್ಟಲ್ಲಿನಲ್ಲಿ ಸೆರೆಗೆ ಹಾಕಿದರು, ಆಮೇಲೆ ಸಂಕೋಲೆಯನ್ನೂ ತೊಡಿಸಿದರು. ಈಗ ನೀನೇ ಹೇಳು, ಮಟಿಲ್ಡಾ ಗೆದ್ದಳೋ ಇಲ್ಲವೋ?

ವಕೀಲೆ: ಎದುರಾಳಿ ಜೈಲಿನಲ್ಲಿ. ಪ್ರಮಾಣ ಅವಳ ಪರ. ರಕ್ತ ಅವಳದು. ಗೆದ್ದಂತೆಯೇ.

ಮೇಷ್ಟ್ರು: ಗೆಲ್ಲಲಿಲ್ಲ. ಯಾಕೆ ಅಂದರೆ ಸಂಕೋಲೆಯಲ್ಲಿದ್ದವನಿಗೆ ಅಭಿಷೇಕವಾಗಿತ್ತು. ಹೆಪ್ಪು ಹಾಕಿದ ಹಾಲು ಮತ್ತೆ ಹಾಲಾಗುವುದಿಲ್ಲ, ಹಾಗೆ ತಲೆಗೆ ಎಣ್ಣೆ ಬಿದ್ದವನು ಮತ್ತೆ ಬರೀ ಸರದಾರನಾಗುವುದಿಲ್ಲ ಅನ್ನುವುದು ಆ ಕಾಲದ ನಂಬಿಕೆ. ಹಾಗಾಗಿ ಅವಳಿಗೂ ಎಣ್ಣೆ ಬೀಳಲೇಬೇಕಿತ್ತು. ಅದಕ್ಕೆ ವೆಸ್ಟ್‌ಮಿನ್‌ಸ್ಟರ್ ಬೇಕು. ವೆಸ್ಟ್‌ಮಿನ್‌ಸ್ಟರ್ ಬೇಕೆಂದರೆ ಪಕ್ಕದ ಲಂಡನ್ ಒಪ್ಪಬೇಕು. ಏಪ್ರಿಲ್‌ನಲ್ಲಿ ವಿಂಚೆಸ್ಟರಿನ ಬಿಷಪ್, ಸ್ಟೀಫನ್ನನ ತಮ್ಮನೇ, ಪೋಪರ ಪ್ರತಿನಿಧಿಯಾಗಿ ಸಭೆ ಕೂಡಿಸಿದ. ದೇವರು ಲಿಂಕನ್ನಿನಲ್ಲಿ ತೀರ್ಪು ಕೊಟ್ಟಿದ್ದಾನೆ ಅಂತ ಹೇಳಿ ಅವಳನ್ನು ಇಂಗ್ಲೆಂಡಿನ ಒಡತಿ ಅಂತ ಸಾರಿದ. ರಾಣಿ ಅಂತಲ್ಲ, ಒಡತಿ. ಅಭಿಷೇಕದ ತನಕ ಅಷ್ಟೇ.

ವಕೀಲೆ: ಅಣ್ಣನನ್ನು ರಾಜ ಮಾಡಿದವನೇ?

ಮೇಷ್ಟ್ರು: ಅವನೇ. ಆರು ತಿಂಗಳೊಳಗೆ ಮತ್ತೆ ಅಣ್ಣನ ಕಡೆಗೆ ಹೊರಳಿದ, ಅದು ಬೇರೆ. ಜೂನ್‌ನಲ್ಲಿ ಮಟಿಲ್ಡಾ ವೆಸ್ಟ್‌ಮಿನ್‌ಸ್ಟರಿಗೆ ಬಂದು ಇಳಿದಳು. ಲಂಡನ್ನಿನವರು ಕರ ಕಡಿಮೆ ಮಾಡಿ ಅಂತ ಬೇಡಿಕೊಂಡು ಬಂದರು. ಸ್ಟೀಫನ್ನನಿಗೆ ದುಡ್ಡು ಸುರಿದಿರಿ, ನನಗೂ ತನ್ನಿ ಅಂತ ಅವಳು ಗದರಿಸಿದಳಂತೆ. ಅದೇ ಹೊತ್ತಿಗೆ ಸ್ಟೀಫನ್ನನ ಹೆಂಡತಿ ಕೆಂಟ್ ಪ್ರಾಂತದಿಂದ ಸೈನ್ಯ ತಂದು ಥೇಮ್ಸ್ ನದಿಯ ಆಚೆ ದಡದಲ್ಲಿ ಹೊಲ ಮನೆ ಸುಡುತ್ತಿದ್ದಳು, ಪಟ್ಟಣದವರ ಕಣ್ಣೆದುರೇ. ಜೂನ್ 24ರಂದು ಲಂಡನ್ನಿನ ಗಂಟೆಗಳೆಲ್ಲ ಬಾರಿಸಿದವು. ಜನ ಜೇನುಗೂಡು ಕೆದಕಿದಂತೆ ಹೊರಬಿದ್ದರು. ಮಟಿಲ್ಡಾ ಊಟಕ್ಕೆ ಕೂರುವ ಹೊತ್ತು. ಎಲೆಯನ್ನು ಬಿಟ್ಟೆದ್ದು ಕುದುರೆ ಹತ್ತಿದಳು.

ವಕೀಲೆ: ಎಲೆಯೆಲ್ಲಿತ್ತು ಮೇಷ್ಟ್ರೇ ಅಲ್ಲಿ? ಇರಲಿ. ಗದರಿಸಿದಳು, ಸೊಕ್ಕು, ಅದಕ್ಕೇ ಸೋತಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವಳಪ್ಪ ಗದರಿಸುತ್ತಿರಲಿಲ್ಲವೇ?

ಮೇಷ್ಟ್ರು: ಅವಳ ಸೊಕ್ಕಿನ ಬಗ್ಗೆ ಉದ್ದುದ್ದ ಬರೆದವನು ಸ್ಟೀಫನ್ನನ ಚರಿತ್ರೆಕಾರ, ಅದನ್ನು ನೆನಪಿಡಬೇಕು. ಅಪ್ಪ ಗದರಿಸಿದ್ದರೆ ಅದೇ ಲೇಖನಿ ಗಾಂಭೀರ್ಯ ಅಂತ ಬರೆಯುತ್ತಿತ್ತು. ಆದರೂ ಕಿರೀಟ ತಲೆಗೇರುವ ಮುನ್ನ ಆ ಪಟ್ಟಣದವರನ್ನು ಕೆಣಕಿದ್ದು ಎಡವಟ್ಟೇ. ಅಪ್ಪನಿಗೂ ಸ್ಟೀಫನ್ನನಿಗೂ ಗೊತ್ತಿದ್ದ ಲೆಕ್ಕ ಅದು: ಮೊದಲು ಎಲ್ಲರಿಗೂ ಹೂಂ ಅನ್ನು, ಎಣ್ಣೆ ಬಿದ್ದ ಮೇಲೆ ನೋಡಿಕೊಂಡರಾಯಿತು.

ವಕೀಲೆ: ಸ್ಟೀಫನ್ ಬಿಡುಗಡೆಯಾದದ್ದು?

ಮೇಷ್ಟ್ರು: ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನಿಂದ ಹಿಮ್ಮೆಟ್ಟುವಾಗ ತಂಗಿ ಪಾರಾಗಲಿ ಅಂತ ಹಿಂದೆ ನಿಂತ ರಾಬರ್ಟ್ ಸೆರೆಸಿಕ್ಕ. ಅವನಿಲ್ಲದೆ ಅವಳ ಪಕ್ಷವೇ ಇಲ್ಲ. ನವೆಂಬರಿನಲ್ಲಿ ಒಬ್ಬರಿಗೊಬ್ಬರ ವಿನಿಮಯ: ರಾಜನಿಗೆ ಬದಲು ಅರ್ಲ್. ಈ ರಾಬರ್ಟನೂ ಹಕ್ಕುದಾರನಾಗಬಹುದಿತ್ತು ನೋಡು. ದೊರೆಯ ಹಿರಿಮಗ, ಸಮರ್ಥ. ನೀನೇ ರಾಜನಾಗು ಅಂತ 1135ರಲ್ಲೇ ಕೆಲವರು ಹುರಿದುಂಬಿಸಿದ್ದರು. ತಾಯಿ ದೊರೆಯ ಧರ್ಮಪತ್ನಿಯಲ್ಲ ಅನ್ನುವ ಕಾರಣಕ್ಕೆ ಅವನು ಆ ಆಸೆಗೇ ಹೋಗಲಿಲ್ಲ. ಅವನಜ್ಜ, 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ, ಹುಟ್ಟಿದ್ದೂ ಹಾಗೆಯೇ. ಎರಡು ತಲೆಮಾರಿನಲ್ಲಿ ಗಾಳಿ ಅಷ್ಟು ಬದಲಾಗಿತ್ತು.

ವಕೀಲೆ: ಆಮೇಲೆ ಮಟಿಲ್ಡಾ ಆಕ್ಸ್‌ಫರ್ಡಿನ ಕೋಟೆಯಿಂದ ಹಿಮದಲ್ಲಿ ಬಿಳಿ ಬಟ್ಟೆ ಹೊದ್ದು ತಪ್ಪಿಸಿಕೊಂಡದ್ದು.

ಮೇಷ್ಟ್ರು: 1142ರ ಡಿಸೆಂಬರ್. ಮಕ್ಕಳಿಗೆ ಹೇಳುವ ಕತೆ, ನಿಜವೂ ಹೌದು. ಅದಾದ ಮೇಲೆ ಹನ್ನೊಂದು ವರ್ಷ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಪೀಟರ್‌ಬರೋ ಮಠದ ಒಬ್ಬ ಸನ್ಯಾಸಿ ಆ ಕಾಲದ ಗೋಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾನೆ. ಕೋಟೆ ಕಟ್ಟಿಕೊಂಡ ಪ್ರತಿಯೊಬ್ಬನೂ ಹಳ್ಳಿಗಳಿಂದ ರಕ್ಷಣೆಯ ಹೆಸರಿನಲ್ಲಿ ಹಣ ಸುಲಿಯುತ್ತಿದ್ದ, ಕೊಡಲು ಏನೂ ಉಳಿಯದ ಊರಿಗೆ ಬೆಂಕಿ ಹಾಕುತ್ತಿದ್ದ. ಮಟಿಲ್ಡಾ ತನ್ನ ಹೆಸರಿನಲ್ಲಿ ಬೆಳ್ಳಿ ನಾಣ್ಯ ಹೊಡೆಸಿದಳು. ಸಾಲದ್ದಕ್ಕೆ ಕೆಲವು ಸರದಾರರೂ ತಮ್ಮ ತಮ್ಮ ಹೆಸರಿನಲ್ಲಿ ಹೊಡೆಸಿದರು.

ವಕೀಲೆ: ಎರಡು ಮನೆಯ ಕಿತ್ತಾಟದಲ್ಲಿ ನೆಲವೇ ಹಾಳಾದರೆ ಕೊನೆಗೆ ಗೇಣಿದಾರರೇ ರಾಜಿಗೆ ತರುತ್ತಾರೆ.

ಮೇಷ್ಟ್ರು: ಆದದ್ದು ಅದೇ, ಗೇಣಿದಾರರು ಅಂದರೆ ಇಲ್ಲಿ ಅರ್ಲ್‌ಗಳು ಅಂತಿಟ್ಟುಕೋ. ಚೆಸ್ಟರಿನ ಅರ್ಲ್, ಲೆಸ್ಟರಿನ ಅರ್ಲ್ ಇಬ್ಬರೂ ಬೇರೆ ಬೇರೆ ಪಕ್ಷ, ನೆರೆಹೊರೆಯ ಜಮೀನು. ಇಬ್ಬರೂ ಕೂತು ಒಂದು ಕರಾರು ಬರೆದುಕೊಂಡರು, ಅದು ಇಂದಿಗೂ ಉಳಿದಿದೆ. ನನ್ನ ದೊರೆ ನಿನ್ನ ಮೇಲೆ ಯುದ್ಧಕ್ಕೆ ಕರೆದು ನಾನು ಬಾರದೆ ವಿಧಿಯಿಲ್ಲದಿದ್ದರೆ 20 ಸವಾರರನ್ನಷ್ಟೇ ತರುತ್ತೇನೆ, ಅವರು ನಿನ್ನಿಂದ ಏನಾದರೂ ದೋಚಿದರೆ ಪೂರ್ತಿ ವಾಪಸು ಕೊಡುತ್ತೇನೆ ಅಂತ.

ವಕೀಲೆ: ಅದ್ಭುತ. ಈ ಕರಾರು ಬರೆದವನನ್ನು ನಾನು ನೋಡಬೇಕಿತ್ತು.

ಮೇಷ್ಟ್ರು: ರಾಜಿಯ ಬೇರು ಅಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಸಿಂಹಾಸನ ಯಾರದೆಂದು ಗೊತ್ತಾಗದಿದ್ದರೆ ತಮ್ಮ ತಮ್ಮ ಜಮೀನೂ ತಮ್ಮ ಮಗನಿಗೇ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಒಬ್ಬ ದೊರೆ ಕೊಟ್ಟದ್ದನ್ನು ಇನ್ನೊಬ್ಬ ಕಿತ್ತುಕೊಳ್ಳುತ್ತಾನೆ. ತಂದೆಯ ಆಸ್ತಿ ಮಕ್ಕಳಿಗೆ ಅನ್ನುವ ನಿಯಮ ತಮಗೆ ಬೇಕಿದ್ದರೆ ಅದನ್ನೇ ಕಿರೀಟಕ್ಕೂ ಒಪ್ಪಬೇಕಾಯಿತು. 1153ರಲ್ಲಿ ಆ ಹುಡುಗ ಹೆನ್ರಿ ಮತ್ತೆ ಬಂದ. ಈಗ ಇಪ್ಪತ್ತರ ಯುವಕ, ನಾರ್ಮಂಡಿಯ ಡ್ಯೂಕ್, ಅಕ್ವಿಟೇನಿನ ಎಲೆನೋರಳ ಗಂಡ. ವಾಲಿಂಗ್‌ಫರ್ಡಿನಲ್ಲಿ ನದಿಯ ಈಚೆ ಆಚೆ ಎರಡು ಸೈನ್ಯ ಎದುರಾದವು. ಎರಡೂ ಕಡೆಯ ಸರದಾರರು ಕಾದಾಡಲು ಒಪ್ಪಲಿಲ್ಲ. ಸ್ಟೀಫನ್ನನೂ ಹೆನ್ರಿಯೂ ಹೊಳೆಯ ಅತ್ತಿತ್ತ ನಿಂತು ತಮ್ಮ ಜನರ ಮೇಲೆ ದೂರು ಹೇಳಿಕೊಂಡರಂತೆ. ಆಗಸ್ಟಿನಲ್ಲಿ ಸ್ಟೀಫನ್ನನ ಹಿರಿಮಗ ಯೂಸ್ಟಸ್ ಇದ್ದಕ್ಕಿದ್ದಂತೆ ಸತ್ತ. ಅವನಿಗೆ ಮೊದಲೇ ಅಭಿಷೇಕ ಮಾಡಿಸಿಬಿಡೋಣ ಅಂತ ಅಪ್ಪ ಎಷ್ಟೋ ಹೆಣಗಿದ್ದ, ಪೋಪರು ಬಿಡಲಿಲ್ಲ. ನವೆಂಬರ್ 6ರಂದು ವಿಂಚೆಸ್ಟರಿನಲ್ಲಿ ರಾಜಿಯಾಯಿತು. ಸ್ಟೀಫನ್ ಸಾಯುವ ತನಕ ಅವನೇ ರಾಜ. ಹೆನ್ರಿಯನ್ನು ದತ್ತು ಮಗನಂತೆ ತೆಗೆದುಕೊಂಡು ಉತ್ತರಾಧಿಕಾರಿ ಮಾಡಿದ. ಸ್ಟೀಫನ್ನನ ಕಿರಿಮಗನಿಗೆ ಜಮೀನು. ಮರುವರ್ಷ ಅಕ್ಟೋಬರ್ 25ರಂದು ಸ್ಟೀಫನ್ ತೀರಿಕೊಂಡ, ಡಿಸೆಂಬರ್ 19ರಂದು ಎರಡನೇ ಹೆನ್ರಿಗೆ ಪಟ್ಟಾಭಿಷೇಕ. ನಡುವಿನ ಹತ್ತಿರ ಹತ್ತಿರ ಎಂಟು ವಾರ ಯಾರೂ ವಿಂಚೆಸ್ಟರಿನ ಕಡೆ ಕುದುರೆ ಓಡಿಸಲಿಲ್ಲ.

ವಕೀಲೆ: ಮಟಿಲ್ಡಾ ಆ ರಾಜಿಪತ್ರದಲ್ಲಿ ಎಲ್ಲಿದ್ದಾಳೆ?

ಮೇಷ್ಟ್ರು: ಹೆನ್ರಿಯ ತಾಯಿಯಾಗಿ ಇದ್ದಾಳೆ. ಅವಳು 1148ರಲ್ಲೇ ನಾರ್ಮಂಡಿಗೆ ವಾಪಸಾಗಿದ್ದಳು. ಇನ್ನೂ 19 ವರ್ಷ ಬದುಕಿದಳು, ಮಗ ರಾಜ್ಯದ ಎಷ್ಟೋ ವಿಷಯಕ್ಕೆ ಅವಳ ಸಲಹೆ ಕೇಳುತ್ತಿದ್ದ. 1167ರಲ್ಲಿ ರೂಆನ್‌ನಲ್ಲಿ ಸತ್ತಳು. ಸಮಾಧಿಯ ಮೇಲೆ ಬರೆಸಿದ್ದು ಅವಳು ಒಬ್ಬ ಹೆನ್ರಿಯ ಮಗಳು, ಇನ್ನೊಬ್ಬ ಹೆನ್ರಿಯ ಹೆಂಡತಿ, ಮತ್ತೊಬ್ಬ ಹೆನ್ರಿಯ ತಾಯಿ ಅಂತ.

ವಕೀಲೆ: ಜೆಫ್ರಿಯ ಹೆಸರೂ ಇಲ್ಲ, ಅವನ ಪುಣ್ಯ. ಆದರೆ ಮೇಷ್ಟ್ರೇ, ಈ ಡಿಕ್ರಿಯಲ್ಲಿ ಒಂದು ತೂತು ಇದೆ. ಹೆನ್ರಿಗೆ ಹಕ್ಕು ಬಂದದ್ದು ಅಜ್ಜನಿಂದ. ಅಜ್ಜನಿಗೂ ಮೊಮ್ಮಗನಿಗೂ ನಡುವೆ ಇದ್ದವಳು ಅವಳು, ಬದುಕಿಯೂ ಇದ್ದಳು. ಅವಳಿಗಿಲ್ಲದ ಹಕ್ಕು ಅವಳ ಮೂಲಕ ಹೇಗೆ ದಾಟಿತು? ಇದ್ದಿದ್ದರೆ ರಾಣಿ ಅವಳಾಗಬೇಕಿತ್ತು.

ಮೇಷ್ಟ್ರು: ಸ್ಟೀಫನ್ನನದೂ ಅದೇ ತಾನೆ, ತಾಯಿ ಆಡೆಲಾಳ ಮೂಲಕ ಬಂದದ್ದು. ಹೆಣ್ಣು ಹಕ್ಕನ್ನು ಹೊತ್ತು ತರಬಹುದು, ತಾನು ಉಣ್ಣುವ ಹಾಗಿಲ್ಲ ಅನ್ನುವಲ್ಲಿ ಎರಡೂ ಪಕ್ಷ ಒಂದಾಗಿದ್ದವು. ನೀನು ಎತ್ತಿದ ಪ್ರಶ್ನೆಯನ್ನು ಫ್ರಾನ್ಸಿನ ಕಾನೂನು ಪಂಡಿತರು ಎತ್ತಿದರು, ಇಂಗ್ಲೆಂಡಿನ ವಿರುದ್ಧವೇ. 1328ರಲ್ಲಿ ಫ್ರಾನ್ಸಿನ ದೊರೆ ಗಂಡು ಸಂತಾನವಿಲ್ಲದೆ ಸತ್ತಾಗ ಇಂಗ್ಲೆಂಡಿನ ಮೂರನೇ ಎಡ್ವರ್ಡ್, ನನ್ನ ತಾಯಿ ಇಸಬೆಲ್ಲಾ ಅವನ ತಂಗಿ, ಆದ್ದರಿಂದ ಫ್ರಾನ್ಸ್ ನನ್ನದು ಅಂದ. ಅವರು ಹೇಳಿದರು: ಅವಳಿಗೇ ಇಲ್ಲದ್ದನ್ನು ಅವಳು ನಿನಗೆ ಹೇಗೆ ಕೊಟ್ಟಾಳು?

ವಕೀಲೆ: ಎಡ್ವರ್ಡ್ ಬಿಟ್ಟುಕೊಟ್ಟನೇ?

ಮೇಷ್ಟ್ರು: 1337ರಲ್ಲಿ ಯುದ್ಧ ಶುರುವಾಯಿತು, 1453ರವರೆಗೆ ನಡೆಯಿತು. 1340ರಲ್ಲಿ ಅವನು ಫ್ರಾನ್ಸಿನ ರಾಜ ಅಂತ ಬಿರುದು ಹಾಕಿಕೊಂಡ. ಇಂಗ್ಲೆಂಡಿನ ಅರಸರು ಅದನ್ನು ಕೊನೆಗೂ ಕೈಬಿಟ್ಟದ್ದು 1801ರಲ್ಲಿ.

ವಕೀಲೆ: ಯುದ್ಧ ಮುಗಿದ ಮೇಲೂ ಅಷ್ಟು ಶತಮಾನ ಪತ್ರದಲ್ಲಿ ಬರೆದುಕೊಳ್ಳುತ್ತಲೇ ಇದ್ದರಾ? ನನ್ನ ಕಕ್ಷಿದಾರರಿಗೆ ಈ ವಿಷಯ ಹೇಳಬೇಡಿ.